ಹತ್ತರ ಕಟ್ಟು: ಒಂದರಿಂದ ಮೂರನೇ ತರಗತಿಯವರೆಗೆ ಸಂಖ್ಯೆ ಮತ್ತು ಲೆಕ್ಕ ಕಲಿಸುವ ಕ್ರಮ

ಮೂರನೇ ತರಗತಿಯ ಮಗುವೊಂದು 52ರಲ್ಲಿ 37 ಕಳೆದು 25 ಎಂದು ಬರೆದರೆ, ಆ ತಪ್ಪು ಮೂರನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ಬಿಡಿಸ್ಥಾನದ 2ರಲ್ಲಿ 7 ಹೋಗದು ಎಂದು ಕಂಡಾಗ ಮಗು ತನಗೆ ಸಾಧ್ಯವಾದ ಲೆಕ್ಕವನ್ನು, ಅಂದರೆ 7ರಲ್ಲಿ 2 ಕಳೆಯುವುದನ್ನು ಮಾಡಿದೆ. 52 ಎಂದರೆ ಐದು ಹತ್ತುಗಳೂ ಎರಡು ಬಿಡಿಗಳೂ ಸೇರಿದ ಒಂದೇ ಮೊತ್ತ ಎಂಬ ಅರಿವು ಮೂಡದೆ, ಅದು 5 ಮತ್ತು 2 ಎಂಬ ಎರಡು ಬೇರೆ ಅಂಕಿಗಳಾಗಿಯೇ ಉಳಿದಿರುವುದು ಇದರ ಮೂಲ. ಆದ್ದರಿಂದ ಕಳೆಯುವ ಲೆಕ್ಕವನ್ನು ಇನ್ನಷ್ಟು ಸಲ ಮಾಡಿಸುವುದರಿಂದ ಈ ತಪ್ಪು ತೊಲಗುವುದಿಲ್ಲ. ಹತ್ತನ್ನು ಕಟ್ಟುವ ಮತ್ತು ಬಿಚ್ಚುವ ಅನುಭವಕ್ಕೆ ಮರಳಬೇಕಾಗುತ್ತದೆ. ಈ ಮಾರ್ಗದರ್ಶಿಯು ಆ ಅನುಭವವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು, ಎಣಿಕೆಯಿಂದ ಮಗ್ಗಿಯವರೆಗಿನ ಹಂತಗಳನ್ನು ವಿವರಿಸುತ್ತದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಮೂರನೇ ತರಗತಿಯೊಳಗೆ ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕುವ ನಿಪುಣ್ ಭಾರತ್ ಅಭಿಯಾನದ ಗುರಿಗಳ ಪ್ರಕಾರ, ಮಗು ಒಂದನೇ ತರಗತಿಯ ಕೊನೆಗೆ 99ರವರೆಗೆ, ಎರಡನೆಯದರ ಕೊನೆಗೆ 999ರವರೆಗೆ, ಮೂರನೆಯದರ ಕೊನೆಗೆ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಈ ಗುರಿಯ ಅಂಕಿಗಳು ಶಿಕ್ಷಕರನ್ನು ಅವಸರಕ್ಕೆ ತಳ್ಳುವುದುಂಟು. ಆದರೆ 99ರವರೆಗಿನ ಸಂಖ್ಯೆಗಳಲ್ಲಿ ಹತ್ತರ ಕಟ್ಟು ಗಟ್ಟಿಯಾಗಿ ಕೂತಿದ್ದರೆ, ಮುಂದಿನ ಎರಡು ಸ್ಥಾನಗಳು ಅದೇ ತತ್ವದ ಪುನರಾವರ್ತನೆಯಾಗಿ ಬೇಗ ಬರುತ್ತವೆ. ಮೊದಲ ವರ್ಷದಲ್ಲಿ ನಿಧಾನವಾಗಿ ಸಾಗುವುದಕ್ಕೆ ಹೆದರಬೇಕಿಲ್ಲ.

ಮೊದಲು ಕೂಡಿಡಬೇಕಾದ ಸಾಮಗ್ರಿ

ಹಣ ಕೊಟ್ಟು ತರಬೇಕಾದದ್ದು ಬಹಳ ಕಡಿಮೆ. ಗುಂಪಿಗೆ ಸುಮಾರು ನೂರರಂತೆ ಬೆರಳುದ್ದದ ಕಡ್ಡಿಗಳು (ಪೊರಕೆ ಕಡ್ಡಿ, ಜೋಳದ ದಂಟಿನ ಸೀಳು, ಐಸ್‌ಕ್ರೀಮ್ ಕಡ್ಡಿ, ಊರಿನಲ್ಲಿ ಸಿಗುವ ಯಾವುದಾದರೂ ಸರಿ), ಅವನ್ನು ಕಟ್ಟಲು ರಬ್ಬರ್ ಬ್ಯಾಂಡ್, ಹತ್ತು ಕಟ್ಟುಗಳು ಹಿಡಿಯುವ ಒಂದು ಚೀಲ, ಒಂದು ಬದಿಯನ್ನು ಬಿಳಿಯಾಗುವಂತೆ ತೇಯ್ದ ಹುಣಸೆ ಬೀಜಗಳು, ಮತ್ತು ಬಿಸಿಯೂಟದ ಮೊಟ್ಟೆಗಳು ಬರುವ ರಟ್ಟಿನ ಟ್ರೇಗಳು. ಈ ಟ್ರೇಯಲ್ಲಿ ಐದೈದು ಗುಳಿಗಳ ಆರು ಸಾಲು, ಒಟ್ಟು 30 ಗುಳಿಗಳಿರುತ್ತವೆ. ಎರಡೆರಡು ಸಾಲಿನಂತೆ ಕತ್ತರಿಸಿದರೆ ಒಂದು ಟ್ರೇಯಿಂದ ಹತ್ತು ಗುಳಿಗಳ ಮೂರು ಚೌಕಟ್ಟುಗಳು ಸಿಗುತ್ತವೆ. ಮುಂದೆ ಕೂಡುವ ಲೆಕ್ಕದಲ್ಲಿ ಇವು ಬಹಳ ಕೆಲಸಕ್ಕೆ ಬರುತ್ತವೆ. ಕತ್ತರಿಸದ ಒಂದು ಟ್ರೇಯನ್ನು ಮಗ್ಗಿಗಾಗಿ ಎತ್ತಿಡಿ.

ಹಂತ 1: ಎಣಿಕೆ ನಿಜವಾಗಿಯೂ ಬಂದಿದೆಯೇ ಎಂದು ನೋಡುವುದು

ಒಂದರಿಂದ ಐವತ್ತರವರೆಗೆ ತಡೆಯಿಲ್ಲದೆ ಹೇಳುವ ಮಗುವಿಗೆ ಎಣಿಕೆ ಬಂದಿದೆ ಎಂದು ನಂಬಿಬಿಡಬಾರದು. ಅದು ಪದ್ಯ ಹೇಳಿದಂತೆಯೂ ಇರಬಹುದು. ಎಂಟು ಬೀಜಗಳನ್ನು ಮುಂದಿಟ್ಟು ಎಣಿಸಲು ಹೇಳಿ. ಎಣಿಸಿ ಮುಗಿದ ತಕ್ಷಣ “ಹಾಗಾದರೆ ಎಷ್ಟಿವೆ?” ಎಂದು ಕೇಳಿ. ಮಗು “ಎಂಟು” ಎನ್ನದೆ ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಪದವೇ ಇಡೀ ಗುಂಪಿನ ಮೊತ್ತ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ ಎಂದರ್ಥ. ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಸಂಶೋಧಕರು 1978ರಲ್ಲಿ ಎಣಿಕೆಯ ಐದು ತತ್ವಗಳನ್ನು ಗುರುತಿಸಿದಾಗ, ಈ ತತ್ವಕ್ಕೂ, ಒಂದು ವಸ್ತುವಿಗೆ ಒಂದೇ ಪದ ಎಂಬ ತತ್ವಕ್ಕೂ, ಎಲ್ಲಿಂದ ಎಣಿಸಿದರೂ ಮೊತ್ತ ಬದಲಾಗದು ಎಂಬ ತತ್ವಕ್ಕೂ ಅದರಲ್ಲಿ ಜಾಗವಿತ್ತು. ಅದೇ ಎಂಟು ಬೀಜಗಳನ್ನು ದೂರದೂರ ಹರಡಿ “ಈಗ ಎಷ್ಟು?” ಎಂದೂ, ನಡುವಿನ ಬೀಜದಿಂದ ಆರಂಭಿಸಿ ಎಣಿಸು ಎಂದೂ ಹೇಳಿದರೆ ಉಳಿದವೂ ತಿಳಿಯುತ್ತವೆ.

ಎಣಿಸದೆಯೇ ನೋಟದಲ್ಲಿ ಗುರುತಿಸುವ ಅಭ್ಯಾಸವೂ ಜೊತೆಯಲ್ಲೇ ನಡೆಯಲಿ. ಚೌಕಾಬಾರ ಆಡಿದ ಮಕ್ಕಳು ಕವಡೆ ಬಿದ್ದೊಡನೆ ಎಣಿಸದೆ ಮೂರು, ಎರಡು ಎಂದು ಕೂಗುತ್ತಾರೆ. ನಾಲ್ಕೂ ಮೇಲ್ಮುಖವಾದರೆ ನಾಲ್ಕು, ನಾಲ್ಕೂ ಮಗುಚಿದರೆ ಎಂಟು ಎಂಬುದಂತೂ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಇದನ್ನೇ ಸ್ವಲ್ಪ ಬೆಳೆಸಿ: ತೇಯ್ದ ಹುಣಸೆ ಬೀಜಗಳನ್ನು ಮೊದಲು ಐದು, ಕೆಲವು ವಾರಗಳ ಬಳಿಕ ಹತ್ತು ತೆಗೆದುಕೊಂಡು ಎರಚಿ, ಬಿಳಿಯೆಷ್ಟು ಕಪ್ಪೆಷ್ಟು ಎಂದು ಹೇಳಿಸಿ. ಏಳು ಕಪ್ಪು ಕಂಡರೆ ಮೂರು ಬಿಳಿ ಇರಲೇಬೇಕು ಎಂದು ಮಗು ಬಿಳಿಯವನ್ನು ಎಣಿಸದೆ ಹೇಳುವ ದಿನ ಬರುತ್ತದೆ. ಆ ದಿನ ಹತ್ತರ ಜೋಡಿಗಳು ಅದರ ವಶವಾದಂತೆ. ದಿನಕ್ಕೆ ಐದು ನಿಮಿಷ ಸಾಕು, ಆದರೆ ತಿಂಗಳುಗಟ್ಟಲೆ ಬಿಡದೆ ಆಡಿಸಬೇಕು.

ಹಂತ 2: ಹತ್ತನ್ನು ಕಟ್ಟುವುದು

ಮಕ್ಕಳಿಗೆ ಹಿಡಿಯಷ್ಟು ಕಡ್ಡಿ ಕೊಟ್ಟು ಎಣಿಸಲು ಹೇಳಿ. ನಡುವೆ ಮಾತಿಗೆಳೆದು ಎಣಿಕೆ ತಪ್ಪುವಂತೆ ಮಾಡಿ. ಮತ್ತೆ ಮೊದಲಿನಿಂದ ಎಣಿಸಬೇಕಾದ ಬೇಸರ ಬಂದಾಗಲೇ, ಹತ್ತಾದಾಗಲೆಲ್ಲ ಒಂದು ಕಟ್ಟು ಕಟ್ಟಿಟ್ಟರೆ ಹೇಗೆ ಎಂದು ಕೇಳಿ. ಕಟ್ಟುವುದರ ಉಪಯೋಗವನ್ನು ಮೊದಲು ಉಂಡ ಮಗುವಿಗೆ ಅದರ ನಿಯಮವನ್ನು ಹೇಳಿಕೊಡುವ ಅಗತ್ಯ ಬೀಳುವುದಿಲ್ಲ. ನಂತರ ಪ್ರತಿದಿನ ಏನನ್ನಾದರೂ ಕಟ್ಟುಗಟ್ಟಿ ಎಣಿಸಿ: ಹಾಜರಾತಿಗೆ ಒಬ್ಬೊಬ್ಬರೂ ಒಂದೊಂದು ಕಡ್ಡಿ ಹಾಕುವುದು, ಊಟದ ತಟ್ಟೆಗಳನ್ನು ಹತ್ತತ್ತರ ಸಾಲಾಗಿ ಜೋಡಿಸುವುದು, ಹೀಗೆ. “ಮೂರು ಕಟ್ಟು, ನಾಲ್ಕು ಬಿಡಿ, ಮೂವತ್ತನಾಲ್ಕು” ಎಂದು ಮೂರನ್ನೂ ಒಟ್ಟಿಗೆ ಹೇಳಿಸುವುದು ಇಲ್ಲಿನ ಮುಖ್ಯ ಅಭ್ಯಾಸ.

ಸಾಮಗ್ರಿಯ ಅನುಕ್ರಮದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿಯೇ ಹೆಚ್ಚಿನ ತರಗತಿಗಳು ಎಡವುತ್ತವೆ. ಕಟ್ಟಿನೊಳಗೆ ಹತ್ತೂ ಕಡ್ಡಿಗಳು ಕಣ್ಣಿಗೆ ಕಾಣುತ್ತವೆ, ಬಿಚ್ಚಿದರೆ ಕೈಗೆ ಸಿಗುತ್ತವೆ. ಹತ್ತು ಮಣಿಗಳಿಗೊಮ್ಮೆ ಬಣ್ಣ ಬದಲಾಗುವ ನೂರು ಮಣಿಗಳ ಸರದಲ್ಲಿ ಹತ್ತು ಕಾಣುತ್ತದೆ, ಬಿಚ್ಚಲಾಗದು. ಹತ್ತು ರೂಪಾಯಿಯ ನೋಟಿನಲ್ಲಿ ಒಂದೊಂದು ರೂಪಾಯಿಗಳು ಕಾಣುವುದೇ ಇಲ್ಲ. ಅದು ನಂಬಿಕೆಯ ಮೇಲೆ ನಿಂತ ಹತ್ತು. ಮಣಿಚೌಕಟ್ಟಿನಲ್ಲಿ (ಅಬ್ಯಾಕಸ್‌ನಲ್ಲಿ) ಆದರೋ ಹತ್ತರ ಮಣಿಗೂ ಬಿಡಿಯ ಮಣಿಗೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ, ನಿಂತ ಜಾಗವಷ್ಟೇ ಬೇರೆ. ಬರೆದ ಅಂಕಿಯೂ ಹಾಗೆಯೇ. ಆದ್ದರಿಂದ ಕಟ್ಟು, ಮಣಿಸರ, ನೋಟು, ಮಣಿಚೌಕಟ್ಟು, ಅಂಕಿ ಎಂಬ ಕ್ರಮದಲ್ಲಿ ಹೋಗಬೇಕು. ಅಂದವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಮೊದಲ ದಿನವೇ ಮಣಿಚೌಕಟ್ಟನ್ನು ಮೇಜಿನ ಮೇಲಿಡುವುದು ಏಣಿಯ ಮೇಲಿನ ಮೆಟ್ಟಿಲಿಗೆ ಮಗುವನ್ನು ಎತ್ತಿ ಕೂರಿಸಿದಂತೆ.

ಸಂಖ್ಯೆಗಳ ಹೆಸರಿನಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ಇಪ್ಪತ್ತೊಂದು ಎನ್ನುವಾಗ ಇಪ್ಪತ್ತು ಮೊದಲು ಬರುತ್ತದೆ, ಒಂದು ಆಮೇಲೆ. ಬರೆಯುವಾಗಲೂ 2 ಎಡಕ್ಕೆ, 1 ಬಲಕ್ಕೆ. ಹಿಂದಿ, ಉರ್ದುಗಳ ಇಕ್ಕೀಸ್‌ನಲ್ಲಿ, ಮರಾಠಿಯ ಏಕವೀಸ್‌ನಲ್ಲಿ ಬಿಡಿಯೇ ಮೊದಲು ಕೇಳಿಸುತ್ತದೆ. ಮನೆಯಲ್ಲಿ ಈ ಭಾಷೆಗಳಲ್ಲಿ ಎಣಿಸುವ ಮಗು 21ನ್ನು 12 ಎಂದು ತಿರುಗಿಸಿ ಬರೆದರೆ ಅದನ್ನು ಅಜಾಗರೂಕತೆ ಎಂದು ಗದರಬಾರದು. ಅದು ಕೇಳಿದ ಕ್ರಮದಲ್ಲೇ ಬರೆದಿದೆ. ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಕಲಿಸುವವರು ಥರ್ಟೀನ್, ಥರ್ಟಿ ಎಂಬ ಜೋಡಿಗಳಲ್ಲಿ ಇದೇ ಎಚ್ಚರ ವಹಿಸಬೇಕು.

ಕನ್ನಡದ ಹತ್ತುಗಳ ಹೆಸರುಗಳನ್ನು ಮಕ್ಕಳೆದುರು ಬಿಡಿಸಿ ತೋರಿಸಬಹುದು. ಹಳೆಯ ಕನ್ನಡದ ‘ಪತ್ತು’ ಇಪ್ಪತ್ತಿನಲ್ಲಿ ಎದ್ದು ಕಾಣುತ್ತದೆ. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ಅದು ‘ವತ್ತು’ ಆಗಿದೆ. ಎರಡು ಹತ್ತು, ಮೂರು ಹತ್ತು ಎಂದೇ ಹೆಸರಿಟ್ಟಿದ್ದಾರೆ ಎಂದು ತಿಳಿದಾಗ ಮಕ್ಕಳಿಗೆ ಗುಟ್ಟೊಂದು ಸಿಕ್ಕ ಹಿಗ್ಗು. ತೊಡಕಿನ ಜಾಗಗಳೂ ಕೆಲವಿವೆ. ಎಪ್ಪತ್ತು, ಎಂಬತ್ತುಗಳು ಕಿವಿಗೆ ಒಂದೇ ತೆರನಾಗಿ ಕೇಳಿ ಅದಲುಬದಲಾಗುತ್ತವೆ. ಒಂಬತ್ತರ ಬಾಲವೂ ಹತ್ತುಗಳ ಬಾಲದಂತೆಯೇ ಇರುವುದರಿಂದ ಒಂಬತ್ತು, ತೊಂಬತ್ತುಗಳು ಬೆರೆತುಹೋಗುತ್ತವೆ. ಇಪ್ಪತ್ತೊಂಬತ್ತಾದ ಮೇಲೆ “ಇಪ್ಪತ್ತಹತ್ತು” ಎನ್ನುವ ಮಗು ತಪ್ಪು ಮಾಡಿದ್ದರೂ ಒಳ್ಳೆಯ ತರ್ಕವನ್ನೇ ಬಳಸಿದೆ: “ಸರಿ, ಆ ಹತ್ತನ್ನು ಈಗ ಕಟ್ಟು, ಎಷ್ಟು ಕಟ್ಟಾಯಿತು?” ಎಂದು ಕೇಳಿದರೆ ಮೂವತ್ತು ತಾನಾಗಿ ಬರುತ್ತದೆ. ನೂರುಗಳಲ್ಲಿ ಇನ್ನೂರು, ಮುನ್ನೂರು, ನಾನೂರು, ಒಂಬೈನೂರುಗಳನ್ನು ಮಾತ್ರ ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ಬರವಣಿಗೆಗೆ ಬಂದಾಗ ಎದುರಾಗುವ ಪ್ರಸಿದ್ಧ ತಪ್ಪೆಂದರೆ ನೂರೈದನ್ನು 1005 ಎಂದು ಬರೆಯುವುದು. ಮಗು ನೂರು ಕೇಳಿ 100 ಬರೆಯಿತು, ಐದು ಕೇಳಿ 5 ಸೇರಿಸಿತು. ಇದಕ್ಕೆ ಒಂದರ ಮೇಲೊಂದು ಕೂರುವ ಕಾರ್ಡುಗಳಷ್ಟು ಒಳ್ಳೆಯ ಮದ್ದು ಬೇರೆ ಕಾಣೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಮೂರು ಮನೆ ಅಗಲದ ಪಟ್ಟಿಗಳಲ್ಲಿ 100ರಿಂದ 900, ಎರಡು ಮನೆಯವುಗಳಲ್ಲಿ 10ರಿಂದ 90, ಒಂದು ಮನೆಯವುಗಳಲ್ಲಿ 1ರಿಂದ 9 ಬರೆಯಿರಿ; ಮನೆಗಳ ಅಳತೆ ಎಲ್ಲದರಲ್ಲೂ ಒಂದೇ ಆಗಿರಲಿ. 100ರ ಪಟ್ಟಿಯ ಬಲತುದಿಗೆ 5ರ ಕಾರ್ಡನ್ನು ಹೊಂದಿಸಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಆಗುತ್ತದೆ. ಎತ್ತಿ ನೋಡಿದರೆ ಸೊನ್ನೆ ಅಲ್ಲೇ ಇದೆ. ನಡುವಿನ ಸೊನ್ನೆ ‘ನೂರರ ಚೀಲದ ಹೊರಗೆ ಹತ್ತರ ಕಟ್ಟು ಒಂದೂ ಇಲ್ಲ’ ಎಂದು ಹೇಳುತ್ತಾ ಜಾಗ ಕಾಯುತ್ತಿದೆ ಎಂಬುದನ್ನು ಚೀಲ, ಕಟ್ಟು, ಬಿಡಿಗಳ ಪಕ್ಕದಲ್ಲೇ ಇಟ್ಟು ತೋರಿಸಿ.

ಹಂತ 3: ಕೂಡುವುದು

8ಕ್ಕೆ 5 ಕೂಡುವಾಗ ಮಕ್ಕಳು ಮೂರು ಬಗೆಯಲ್ಲಿ ನಡೆಯುತ್ತಾರೆ. ಮೊದಲನೆಯವರು ಎರಡೂ ಗುಂಪನ್ನು ಬೆರೆಸಿ ಒಂದರಿಂದ ಎಣಿಸುತ್ತಾರೆ. ಎರಡನೆಯವರು ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು ಎಂದು ಮುಂದುವರಿಸುತ್ತಾರೆ. ಮೂರನೆಯವರು ಐದರಿಂದ ಎರಡನ್ನು ತೆಗೆದು ಎಂಟನ್ನು ಹತ್ತಾಗಿಸಿ, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುತ್ತಾರೆ. ಎರಡರಿಂದ ಮೂರನೆಯ ಬಗೆಗೆ ದಾಟಿಸುವುದೇ ಇಲ್ಲಿ ಶಿಕ್ಷಕರ ಕೆಲಸ, ಮೊಟ್ಟೆ ಟ್ರೇಯ ತುಂಡುಗಳು ಇರುವುದೇ ಅದಕ್ಕಾಗಿ. ಒಂದು ಚೌಕಟ್ಟಿನಲ್ಲಿ ಎಂಟು ಬೀಜ, ಇನ್ನೊಂದರಲ್ಲಿ ಐದು ಇಟ್ಟರೆ, ಖಾಲಿ ಇರುವ ಎರಡು ಗುಳಿಗಳು ಮಗುವನ್ನು ತಾವೇ ಕರೆಯುತ್ತವೆ. ಬೆರಳು ಬಳಸುವ ಮಗುವನ್ನು ತಡೆಯಬೇಡಿ. ಹತ್ತರ ಜೋಡಿ ಗಟ್ಟಿಯಾದಂತೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಎರಡಂಕಿಯ ದಶಕಸಹಿತ ಸಂಕಲನಕ್ಕೆ (ಬಿಡಿಗಳ ಮೊತ್ತ ಹತ್ತನ್ನು ಮುಟ್ಟುವ ಅಥವಾ ದಾಟುವ ಕೂಡುವ ಲೆಕ್ಕಕ್ಕೆ), ಉದಾಹರಣೆಗೆ 38 ಮತ್ತು 27ಕ್ಕೆ, ಕಡ್ಡಿಗಳನ್ನೇ ಮೊದಲು ಹಿಡಿಯಿರಿ. ಐದು ಕಟ್ಟು ಮತ್ತು ಹದಿನೈದು ಬಿಡಿ ಸಿಗುತ್ತವೆ. ಹದಿನೈದರಲ್ಲಿ ಹತ್ತನ್ನು ಕಟ್ಟಿದರೆ ಆರು ಕಟ್ಟು, ಐದು ಬಿಡಿ. ಕಡ್ಡಿಯಿಲ್ಲದೆ ನೇರವಾಗಿ ಬರಹಕ್ಕೆ ಹೋದ ತರಗತಿಯಲ್ಲಿ 515 ಎಂಬ ಉತ್ತರ ಖಂಡಿತ ಒಂದೆರಡು ಕಡೆ ಕಾಣಿಸುತ್ತದೆ. ಬರೆಯುವಾಗ “ಕೈಲಿ ಒಂದು” ಎನ್ನುವ ರೂಢಿ ನಮ್ಮಲ್ಲಿ ಹಳೆಯದು. ಅದನ್ನು “ಕೈಲಿ ಒಂದು ಹತ್ತು” ಎಂದು ಬದಲಿಸಿಕೊಳ್ಳುವುದು ಒಂದೇ ಪದದ ವ್ಯತ್ಯಾಸ, ಆದರೆ ಮೇಲೆ ಬರೆದ ಆ ಪುಟ್ಟ 1 ಏನೆಂಬುದು ಅದರಿಂದ ಮರೆಯದೆ ಉಳಿಯುತ್ತದೆ. ಹಾಗೆಯೇ ಲೆಕ್ಕ ಮಾಡುವ ಮುನ್ನ “ಉತ್ತರ ಐವತ್ತಕ್ಕಿಂತ ಹೆಚ್ಚೋ ಕಡಿಮೆಯೋ?” ಎಂದು ಅಂದಾಜು ಕೇಳುವುದನ್ನು ರೂಢಿಸಿದರೆ 515ನ್ನು ಮಕ್ಕಳೇ ಅನುಮಾನದಿಂದ ನೋಡುತ್ತಾರೆ.

ಹಂತ 4: ಕಳೆಯುವುದು

ಕಳೆಯುವುದೆಂದರೆ ತೆಗೆದುಹಾಕುವುದು ಎಂಬ ಒಂದೇ ಅರ್ಥವನ್ನು ಕಲಿಸಿ ಬಿಡುವುದರಿಂದ ಹಾನಿಯಿದೆ. ಒಂಬತ್ತು ಗೋಲಿಯಲ್ಲಿ ನಾಲ್ಕು ಕಳೆದುಹೋದರೆ ಉಳಿಯುವುದೆಷ್ಟು ಎಂಬುದು ಒಂದು ಸಂದರ್ಭ. ನನ್ನಲ್ಲಿ ಒಂಬತ್ತು, ನಿನ್ನಲ್ಲಿ ನಾಲ್ಕು, ನನ್ನಲ್ಲೆಷ್ಟು ಹೆಚ್ಚು ಎಂಬುದು ಹೋಲಿಕೆ; ಇಲ್ಲಿ ಯಾರೂ ಏನನ್ನೂ ತೆಗೆದಿಲ್ಲ. ನಾಲ್ಕಿದೆ, ಒಂಬತ್ತಾಗಲು ಇನ್ನೆಷ್ಟು ಬೇಕು ಎಂಬುದು ಭರ್ತಿ ಮಾಡುವ ಲೆಕ್ಕ. ಮೂರನ್ನೂ ಗೋಲಿಯಿಂದಲೇ ಮಾಡಿಸಿ, ಮೂರಕ್ಕೂ 9 - 4 ಎಂದೇ ಬರೆಯಬಹುದು ಎಂಬುದನ್ನು ಕೊನೆಗೆ ತೋರಿಸಿ.

ವಾಕ್ಯದ ಲೆಕ್ಕಗಳಲ್ಲಿ “‘ಒಟ್ಟು’ ಬಂದರೆ ಕೂಡು, ‘ಉಳಿದ’ ಬಂದರೆ ಕಳೆ, ‘ಹೆಚ್ಚು’ ಬಂದರೆ ಕೂಡು” ಎಂಬ ಸುಲಭ ಸೂತ್ರಗಳನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. “ರಾಧೆಯ ಬಳಿ 12 ಗೋಲಿಗಳಿವೆ. ಅದು ಸಲೀಮನ ಬಳಿ ಇರುವುದಕ್ಕಿಂತ 4 ಹೆಚ್ಚು. ಸಲೀಮನ ಬಳಿ ಎಷ್ಟಿವೆ?” ಎಂಬ ಲೆಕ್ಕದಲ್ಲಿ ‘ಹೆಚ್ಚು’ ಇದೆ, ಆದರೆ ಕಳೆಯಬೇಕು. ಪದ ಹುಡುಕುವ ಮಗು ಇಲ್ಲಿ 16 ಎನ್ನುತ್ತದೆ. ಲೆಕ್ಕವನ್ನು ಕಥೆಯಂತೆ ಓದಿಸಿ, ಅಂಕಿಗಳನ್ನು ಮುಚ್ಚಿ “ಯಾರ ಬಳಿ ಹೆಚ್ಚು?” ಎಂದು ಮೊದಲು ಕೇಳಿ, ಎರಡು ಉದ್ದದ ಪಟ್ಟಿಗಳಾಗಿ ಚಿತ್ರ ಬರೆಸಿ, ಆಮೇಲೆ ಅಂಕಿಗೆ ಬನ್ನಿ.

ಈಗ ಮೊದಲಿನ 52 - 37ಕ್ಕೆ ಮರಳೋಣ. ಐದು ಕಟ್ಟು, ಎರಡು ಬಿಡಿ ಮುಂದಿಟ್ಟು “ಏಳು ಬಿಡಿ ಕೊಡು” ಎಂದು ಕೈಯೊಡ್ಡಿ. ಮಗು ತಡವರಿಸುತ್ತದೆ, ಕಟ್ಟು ಬಿಚ್ಚಬಹುದೇ ಎಂದು ನಿಮ್ಮ ಮುಖ ನೋಡುತ್ತದೆ. ಬಿಚ್ಚಿದ ಮೇಲೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಇದೂ 52 ಹೌದೇ ಎಂದು ಎಣಿಸಿ ನೋಡಲಿ. ಏಳು ಬಿಡಿ, ಮೂರು ಕಟ್ಟು ಕೊಟ್ಟಾಗ ಉಳಿಯುವುದು 15. “ಪಕ್ಕದ ಮನೆಯಿಂದ ಸಾಲ ತಂದರು” ಎಂಬ ಕಥೆಯನ್ನು ಇಲ್ಲಿ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಸಾಲ ತಂದದ್ದನ್ನು ಯಾವಾಗ ವಾಪಸು ಕೊಡುತ್ತಾರೆ ಎಂದು ಹುಡುಗಿಯೊಬ್ಬಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲಿ ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ. ತನ್ನದೇ ಕಟ್ಟನ್ನು ತಾನೇ ಬಿಚ್ಚಿಕೊಂಡದ್ದು. ‘ಬಿಚ್ಚುವುದು’ ಎಂಬ ಮಾತೇ 503 - 268ರಂಥ ಸೊನ್ನೆಯಿರುವ ಲೆಕ್ಕಕ್ಕೂ ಸಾಕಾಗುತ್ತದೆ: ಚೀಲದ ಹೊರಗೆ ಕಟ್ಟು ಇಲ್ಲದಿದ್ದರೆ ಮೊದಲು ಚೀಲ ಬಿಚ್ಚಿ ಹತ್ತು ಕಟ್ಟು ಪಡೆಯಬೇಕು, ಅದರಲ್ಲೊಂದನ್ನು ಮತ್ತೆ ಬಿಚ್ಚಬೇಕು.

ಕಾಗದವಿಲ್ಲದ ಇನ್ನೊಂದು ದಾರಿಯನ್ನೂ ಕಲಿಸಿ. 37ರಿಂದ 40ಕ್ಕೆ ಮೂರು, 50ಕ್ಕೆ ಹತ್ತು, 52ಕ್ಕೆ ಎರಡು, ಒಟ್ಟು ಹದಿನೈದು. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುತ್ತಿದ್ದುದು ಹೀಗೆಯೇ. ಫೋನಿನಿಂದ ಹಣ ಕಟ್ಟುವ ಈ ಕಾಲದಲ್ಲಿ ಚಿಲ್ಲರೆ ಎಣಿಸುವುದನ್ನು ನೋಡುವ ಅವಕಾಶವೇ ಮಕ್ಕಳಿಗೆ ಕಡಿಮೆಯಾಗಿರುವುದರಿಂದ, ತರಗತಿಯಲ್ಲೇ ಒಂದು ಅಂಗಡಿಯ ಮೂಲೆ ಮಾಡಿ ಆಟದ ನೋಟುಗಳನ್ನು ಓಡಾಡಿಸುವುದು ಒಳ್ಳೆಯದು.

ಹಂತ 5: ಮಗ್ಗಿ ಮತ್ತು ಹಂಚಿಕೆ

“ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು” ಎಂಬ ರಾಗವನ್ನು ತಿರಸ್ಕರಿಸುವ ಕಾರಣವಿಲ್ಲ. ಬಾಯಿಗೆ ಬಂದ ಮಗ್ಗಿ ಜೀವನಪೂರ್ತಿ ಕೈ ಹಿಡಿಯುತ್ತದೆ. ಆದರೆ ರಾಗಕ್ಕೆ ಮೊದಲು ಚಿತ್ರವಿರಬೇಕು. ಕತ್ತರಿಸದೆ ಇಟ್ಟ ಮೊಟ್ಟೆ ಟ್ರೇಯನ್ನು ತೋರಿಸಿ: ಐದರ ಆರು ಸಾಲು, ಮೂವತ್ತು. ತಿರುಗಿಸಿ ಹಿಡಿಯಿರಿ: ಆರರ ಐದು ಸಾಲು, ಅದೇ ಮೂವತ್ತು. ರಂಗೋಲಿಯ ಚುಕ್ಕಿಗಳೂ ಇದಕ್ಕೆ ಒದಗುತ್ತವೆ. ಮಗ್ಗಿಗಳನ್ನು 2, 3, 4 ಎಂಬ ವರಸೆಯಲ್ಲಿ ಕಲಿಸಲೇಬೇಕೆಂದಿಲ್ಲ. ಮೊದಲು 2, 10, 5, ಬಳಿಕ ಎರಡರ ದುಪ್ಪಟ್ಟಾದ 4, ಆಮೇಲೆ 3, ಅನಂತರ ಹತ್ತರದ್ದರಲ್ಲಿ ಒಂದು ಸಲ ಕಳೆದರೆ ಸಿಗುವ 9. ಇಷ್ಟಾದ ಮೇಲೆ, ತಿರುಗಿಸಿದರೂ ಉತ್ತರ ಅದೇ ಎಂಬುದು ತಿಳಿದಿದ್ದರೆ, ಹತ್ತರವರೆಗಿನ ಮಗ್ಗಿಯಲ್ಲಿ ಹೊಸದಾಗಿ ನೆನಪಿಡಬೇಕಾದದ್ದು ಆರಾರು, ಆರೇಳು, ಆರೆಂಟು, ಏಳೇಳು, ಏಳೆಂಟು, ಎಂಟೆಂಟು ಎಂಬ ಆರು ಮಾತ್ರ. ಮಗ್ಗಿಗೆ ಹೆದರುವ ಮಗುವಿಗೆ ಈ ಆರರ ಪಟ್ಟಿಯನ್ನು ಬರೆದು ತೋರಿಸಿದರೆ ಅದರ ಮುಖ ಸಡಿಲಾಗುವುದನ್ನು ಕಾಣಬಹುದು.

ಭಾಗಾಕಾರದಲ್ಲಿ ಹನ್ನೆರಡು ಚಕ್ಕುಲಿಯನ್ನು ಮೂವರಿಗೆ ಸಮನಾಗಿ ಹಂಚುವುದು ಬೇರೆ, ತಲೆಗೆ ಮೂರರಂತೆ ಕೊಟ್ಟರೆ ಎಷ್ಟು ಜನಕ್ಕೆ ಸಾಕಾಗುತ್ತದೆ ಎಂಬುದು ಬೇರೆ. ಎರಡನ್ನೂ ಮಾಡಿಸಿದರೆ ಸಾಕು. ಬರೆಯುವ ವಿಧಾನಕ್ಕೆ ಅವಸರ ಬೇಡ.

ಒಂದೇ ಕೋಣೆಯಲ್ಲಿ ಮೂರು ತರಗತಿ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದುವರಿಯುತ್ತಾರೆ. ಮೇಲಿನ ಹಂತಗಳು ಇದಕ್ಕೆ ಸುಲಭವಾಗಿ ಒಗ್ಗುತ್ತವೆ. ಕಟ್ಟು ಬಿಚ್ಚುವ ಹೊಸ ಪಾಠವನ್ನು ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲಿಡಿ. ಹುಣಸೆ ಬೀಜ ಎರಚುವ ಆಟ ಮತ್ತು ಅಂಗಡಿಯಾಟಗಳನ್ನು ಸಹಪಾಠಿಗಳ ಬೆಂಬಲದ ತಟ್ಟೆಗಳಿಗೆ ಬಿಡಿ. ಕಾರ್ಡು ಜೋಡಿಸಿ ಬರೆಯುವುದು ಸ್ವಕಲಿಕೆಗೆ ಸರಿಹೋಗುತ್ತದೆ. ಮೂರನೆಯ ತರಗತಿಯ ಮಗು ಒಂದನೆಯದಕ್ಕೆ ಕಡ್ಡಿ ಕಟ್ಟಿಸುವಾಗ ಅದರ ಸ್ವಂತ ತಿಳಿವಳಿಕೆಯೂ ಗಟ್ಟಿಯಾಗುತ್ತದೆ.

ಮೌಲ್ಯಮಾಪನಕ್ಕೆ ದಿನಕ್ಕೆ ಇಬ್ಬರು ಮಕ್ಕಳೊಂದಿಗೆ ಐದೈದು ನಿಮಿಷದ ಮಾತುಕತೆ ಸಾಕು. ಒಂದು ಲೆಕ್ಕ ಕೊಟ್ಟು “ಹೇಗೆ ಮಾಡಿದೆ?” ಎಂದು ಕೇಳಿ, ಉತ್ತರ ಸರಿಯಿದ್ದಾಗಲೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ‘ತಪ್ಪು’ ಎಂಬುದರ ಸೂಚನೆಯಾಗಿ, ಮಗು ವಿವರಿಸುವ ಬದಲು ಅಳಿಸತೊಡಗುತ್ತದೆ. ಉತ್ತರವನ್ನಲ್ಲ, ಮಗು ಹೇಳಿದ ದಾರಿಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ: ‘ಎಲ್ಲವನ್ನೂ ಎಣಿಸುತ್ತಾಳೆ’, ‘ಹತ್ತು ಮಾಡಿ ಕೂಡುತ್ತಾನೆ’, ‘ಸಣ್ಣದನ್ನು ದೊಡ್ಡದರಲ್ಲಿ ಕಳೆಯುತ್ತಾನೆ’. ಮುಂದಿನ ವಾರ ಯಾರನ್ನು ಯಾವ ತಟ್ಟೆಗೆ ಕೂರಿಸಬೇಕೆಂಬುದು ಈ ಟಿಪ್ಪಣಿಯಿಂದಲೇ ತಿಳಿಯುತ್ತದೆ.

ನಾಲ್ಕನೇ ತರಗತಿಗೆ ಬಂದರೂ ಬೆರಳು ಬಿಡದ ಮಗು ಸಿಕ್ಕರೆ, ಚಿಕ್ಕವರ ಕಡ್ಡಿಪೆಟ್ಟಿಗೆಯನ್ನು ಎಲ್ಲರೆದುರು ಅದರ ಮುಂದಿಡಬೇಡಿ. ಆ ವಯಸ್ಸಿನಲ್ಲಿ ನಾಚಿಕೆ ಕಲಿಕೆಗಿಂತ ಬಲವಾಗಿರುತ್ತದೆ. ಬಿಸಿಯೂಟಕ್ಕೆ ಬಂದ ಮೊಟ್ಟೆಗಳ ಲೆಕ್ಕವನ್ನು ಅದಕ್ಕೆ ವಹಿಸಿ. ತುಂಬಿದ ಟ್ರೇಗಳೆಷ್ಟು, ಬಿಡಿಯೆಷ್ಟು, ಇಂದಿನ ಹಾಜರಾತಿಗೆ ಎಷ್ಟು ಬೇಕು, ಎಷ್ಟು ಉಳಿಯಬೇಕು ಎಂದು ಹದಿನೈದು ದಿನ ಲೆಕ್ಕ ಹಿಡಿದ ಮೇಲೆ 52 - 37ನ್ನು ಮತ್ತೊಮ್ಮೆ ಕೊಟ್ಟು, ಹೇಗೆ ಮಾಡಿದೆ ಎಂದು ಕೇಳಿ.